ಅಚ್ಚಿಗೆ ಹೋಗುವಾಗ ಕಾಣೆಯಾಗುವ ಕನ್ನಡ ಅಕ್ಷರಗಳು: ಹುಡುಕಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಮಂಡ್ಯದ ಹಾಲಿನ ಸೊಸೈಟಿಯ ವಾರ್ಷಿಕ ವರದಿ ಇರಲಿ, ಮಾನಸಗಂಗೋತ್ರಿಗೆ ಸಲ್ಲಿಸುವ ಪಿಎಚ್‌ಡಿ ಪ್ರಬಂಧ ಇರಲಿ, ಮೈಸೂರಿನ ಮದುವೆಯ ಲಗ್ನಪತ್ರಿಕೆ ಇರಲಿ, ತೊಂದರೆ ಒಂದೇ ಬಗೆಯದು. ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ. ಅಚ್ಚಾಗಿ ಬಂದಾಗ ಒಂದು ಕಡೆ ಒತ್ತು ಇಲ್ಲ. ಇನ್ನೊಂದು ಕಡೆ ರೂಪಾಯಿ ಚಿಹ್ನೆ ಇರಬೇಕಾದಲ್ಲಿ ಖಾಲಿ ಚೌಕ. ಪ್ರತಿಗಳೆಲ್ಲ ಅಚ್ಚಾಗಿ ಬೈಂಡ್ ಆದ ಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಇಂಥ ಹೊತ್ತಿನಲ್ಲಿ ಪ್ರೆಸ್‌ನವರು ಮೊದಲು ಕೇಳುವುದು, “ಫಾಂಟ್ ಎಂಬೆಡ್ ಮಾಡಿದ್ರಾ ಸಾರ್?” ಅಂತ. ನೀವು ಹೌದು ಅನ್ನುತ್ತೀರಿ. ಅದು ನಿಜವೂ ಆಗಿರುತ್ತದೆ. ಆದರೂ ಅಕ್ಷರ ಇಲ್ಲ. ಫಾಂಟ್ ಪಿಡಿಎಫ್ ಒಳಗೆ ಸೇರಿದೆ ಅಂದ ಮಾತ್ರಕ್ಕೆ ನಿಮಗೆ ಬೇಕಾದ ಅಕ್ಷರ ಆ ಫಾಂಟ್‌ನಲ್ಲಿ ಇದೆ ಅಂತ ಅರ್ಥ ಅಲ್ಲ. ತುಂಬಾ ಜನ ಎಡವುವುದು ಇಲ್ಲೇ. ಆದ್ದರಿಂದ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬದಲಿಸುತ್ತಾ ಹೋಗಬೇಡಿ. ಅಕ್ಷರ ಯಾವ ಹಂತದಲ್ಲಿ ಕಳೆಯಿತು ಅಂತ ಮೊದಲು ಪತ್ತೆ ಮಾಡಿ. ಹಂತ ಗೊತ್ತಾದರೆ ಪರಿಹಾರ ಬಹಳ ಸಲ ಹತ್ತು ನಿಮಿಷದ ಕೆಲಸ.

ಲಕ್ಷಣ ಏನು ಹೇಳುತ್ತದೆ

ಖಾಲಿ ಚೌಕ, ಅಥವಾ ಒಳಗೆ ಅಡ್ಡಗೆರೆ ಇರುವ ಚೌಕ ಕಂಡರೆ ಫಾಂಟ್‌ನಲ್ಲಿ ಆ ಅಕ್ಷರದ ಆಕಾರವೇ ಇಲ್ಲ ಎಂದರ್ಥ. ಇಲ್ಲದ ಅಕ್ಷರದ ಬದಲು ತೋರಿಸಲು ಫಾಂಟ್‌ನಲ್ಲೇ ಒಂದು ಆಕಾರ ಇಟ್ಟಿರುತ್ತಾರೆ. ಅದನ್ನು ‘ನಾಟ್‌ಡೆಫ್’ ಎನ್ನುತ್ತಾರೆ. ಕೆಲವು ಫಾಂಟ್‌ಗಳಲ್ಲಿ ಈ ಆಕಾರವೇ ಖಾಲಿ. ಆಗ ಚೌಕವೂ ಬರುವುದಿಲ್ಲ, ಬರೀ ಜಾಗ ಉಳಿಯುತ್ತದೆ. ಇದೇ ಜಾಸ್ತಿ ಅಪಾಯ. ಚೌಕವಾದರೆ ಕಣ್ಣಿಗೆ ಬೀಳುತ್ತದೆ, ಖಾಲಿ ಜಾಗ ಪ್ರೂಫ್ ದಾಟಿ ಹೋಗುತ್ತದೆ.

ಚುಕ್ಕೆಗಳಿಂದ ಮಾಡಿದ ವೃತ್ತದ ಮೇಲೆ ಗುಣಿತದ ಚಿಹ್ನೆ ಕೂತಿದ್ದರೆ, ಆ ಚಿಹ್ನೆ ತನ್ನ ಮೂಲ ಅಕ್ಷರದಿಂದ ಬೇರೆಯಾಗಿದೆ. ಅಕ್ಷರ ಒಂದು ಫಾಂಟ್‌ನಿಂದ, ಚಿಹ್ನೆ ಇನ್ನೊಂದರಿಂದ ಬಂದಾಗ ಹೀಗಾಗುತ್ತದೆ. ಒಂದೇ ಅಕ್ಷರದ ಅರ್ಧಕ್ಕೆ ಬೇರೆ ಫಾರ್ಮ್ಯಾಟಿಂಗ್ ಬಿದ್ದಿದ್ದರೂ ಆಗಬಹುದು.

‘ಅಮ್ಮ’ ಎಂಬುದು ‘ಅಮ್‌ಮ’ ಎಂದು ಬಿಡಿಸಿಕೊಂಡು ಬಂದಿದ್ದರೆ ಮೊದಲ ಅನುಮಾನ ಫಾಂಟ್ ಮೇಲೆ ಬೇಡ. ಒತ್ತು ಕೂಡಿಸಬೇಕಾದ ಸಾಫ್ಟ್‌ವೇರ್ ಆ ಕೆಲಸ ಮಾಡದಿರುವುದೇ ಹೆಚ್ಚಿನ ಸಲ ಕಾರಣ. ಇಡೀ ಸಾಲೇ ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳಾಗಿದ್ದರೆ ಅದು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಬರಹ. ಆ ಫಾಂಟ್ ಅಲ್ಲಿ ಇಲ್ಲ.

ಇನ್ನೊಂದು ಲಕ್ಷಣ ಸೂಕ್ಷ್ಮವಾದದ್ದು. ಪುಟದ ತುಂಬಾ ಒಂದೇ ಬಗೆಯ ಅಕ್ಷರ ಇದ್ದು, ನಡುವೆ ಒಂದೆರಡು ಮಾತ್ರ ಸ್ವಲ್ಪ ದಪ್ಪ ಅಥವಾ ಸ್ವಲ್ಪ ದುಂಡಗೆ ಕಾಣುತ್ತವೆ. ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಒಂದು ಅಕ್ಷರದ ಮೊಳೆ ಮುಗಿದರೆ ಜೋಡಿಸುವವರ ಕೈಗೇ ಗೊತ್ತಾಗುತ್ತಿತ್ತು. ಈಗ ಸಾಫ್ಟ್‌ವೇರ್ ಯಾರಿಗೂ ಹೇಳದೆ ಬೇರೆ ಫಾಂಟ್‌ನಿಂದ ಅಕ್ಷರ ತಂದು ತುಂಬಿಬಿಡುತ್ತದೆ. ನಿಮ್ಮ ಯಂತ್ರದಲ್ಲಿ ಆ ಬೇರೆ ಫಾಂಟ್ ಇದೆ, ಸರಿಹೋಯಿತು. ಅದೇ ಫೈಲನ್ನು ಪ್ರೆಸ್‌ನಲ್ಲಿ ತೆರೆದಾಗ ಅಲ್ಲಿ ಆ ಫಾಂಟ್ ಇರಬೇಕಲ್ಲ?

ಎಲ್ಲಿ ಕಳೆಯಿತು ಅಂತ ಹುಡುಕುವ ಹೆಜ್ಜೆಗಳು

ತಪ್ಪಾಗಿ ಬಂದ ಒಂದೇ ಒಂದು ಪದ ಆರಿಸಿ. ಪುಟ, ಸಾಲು ಬರೆದುಕೊಳ್ಳಿ. ಇನ್ನು ಮುಂದೆ ಎಲ್ಲ ಕಡೆ ಆ ಪದವನ್ನೇ ನೋಡಿ.

1. ಮೂಲ ಫೈಲ್ ತೆರೆಯಿರಿ. ಅದು ವರ್ಡ್, ಲಿಬ್ರೆಆಫೀಸ್, ಇನ್‌ಡಿಸೈನ್ ಯಾವುದಾದರೂ ಆಗಬಹುದು. ಶೇಕಡಾ 400ಕ್ಕೆ ಹಿಗ್ಗಿಸಿ. ಇಲ್ಲೇ ತಪ್ಪಿದ್ದರೆ ಟೈಪಿಂಗ್ ಅಥವಾ ಫಾಂಟ್ ತೊಂದರೆ. ಪಿಡಿಎಫ್ ಕಡೆ ಹೋಗಲೇಬೇಡಿ.

2. ಮೂಲ ಸರಿಯಿದ್ದು ಪಿಡಿಎಫ್‌ನಲ್ಲಿ ತಪ್ಪಿದ್ದರೆ ಪರಿವರ್ತನೆಯಲ್ಲಿ ಹೋಗಿದೆ.

3. ಪಿಡಿಎಫ್ ನಿಮ್ಮಲ್ಲಿ ಸರಿಯಿದ್ದು ಬೇರೆ ಯಂತ್ರದಲ್ಲಿ ತಪ್ಪಿದ್ದರೆ ಫಾಂಟ್ ಎಂಬೆಡ್ ಆಗಿಲ್ಲ. ಇದಕ್ಕೆ ನಿಮ್ಮ ಫೋನೇ ಸಾಕು. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ನಿಮಗೇ ಕಳಿಸಿಕೊಂಡು ತೆರೆಯಿರಿ. ಫೋನ್‌ನಲ್ಲಿ ನುಡಿ ಫಾಂಟ್ ಇರುವುದಿಲ್ಲ, ಎಂಬೆಡ್ ಆಗದ ಫೈಲ್ ತಕ್ಷಣ ಸಿಕ್ಕಿಬೀಳುತ್ತದೆ.

4. ಎಲ್ಲ ಪರದೆಗಳಲ್ಲೂ ಸರಿಯಿದ್ದು ಕಾಗದದ ಮೇಲೆ ಮಾತ್ರ ತಪ್ಪಿದ್ದರೆ ಪ್ರಿಂಟರ್ ಡ್ರೈವರ್ ಅಥವಾ ಪ್ರೆಸ್‌ನ ರಿಪ್ (ಪುಟವನ್ನು ಅಚ್ಚಿನ ಚುಕ್ಕೆಗಳಾಗಿ ಬದಲಿಸುವ ಸಾಫ್ಟ್‌ವೇರ್) ಕಾರಣ.

ಪಿಡಿಎಫ್‌ನಿಂದ ಪದವನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ ನೋಡುವುದು ಅಚ್ಚಿನ ಪರೀಕ್ಷೆ ಆಗುವುದಿಲ್ಲ. ಪೇಸ್ಟ್ ಮಾಡಿದಾಗ ಗಜಿಬಿಜಿ ಬಂದರೂ ಅಚ್ಚು ಸರಿಯಾಗಿಯೇ ಬರಬಹುದು. ಆಕಾರಗಳು ಒಂದು ಕಡೆ ಇರುತ್ತವೆ, ಯಾವ ಆಕಾರ ಯಾವ ಅಕ್ಷರ ಎಂಬ ಪಟ್ಟಿ ಇನ್ನೊಂದು ಕಡೆ ಇರುತ್ತದೆ. ಅಚ್ಚಿಗೆ ಆಕಾರ ಸಾಕು.

ಪಿಡಿಎಫ್ ಒಳಗಿನ ಫಾಂಟ್ ಪಟ್ಟಿ

ಅಡೋಬಿ ರೀಡರ್‌ನಲ್ಲಿ ಫೈಲ್ ತೆರೆದು ಕಂಟ್ರೋಲ್ ಜೊತೆ ಡಿ ಒತ್ತಿ. ‘ಫಾಂಟ್ಸ್’ ಟ್ಯಾಬ್‌ಗೆ ಹೋಗಿ. ಪ್ರತಿ ಫಾಂಟ್ ಹೆಸರಿನ ಪಕ್ಕ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದು ಇರಬೇಕು. ಏನೂ ಬರೆದಿಲ್ಲದೆ, ಕೆಳಗೆ ‘ಆ್ಯಕ್ಚುಯಲ್ ಫಾಂಟ್’ ಎಂದು ಬೇರೆ ಹೆಸರು ಕಂಡರೆ ಅಲ್ಲಿ ಬದಲಿ ಫಾಂಟ್ ಕೂತಿದೆ. ಲಿನಕ್ಸ್ ಬಳಸುವವರಿಗೆ ಪಾಪ್ಲರ್ ಜೊತೆ ಬರುವ ‘ಪಿಡಿಎಫ್‌ಫಾಂಟ್ಸ್’ ಆಜ್ಞೆ ಇದೆ. ಎಂಬೆಡ್ ಆಗಿದೆಯಾ, ಸಬ್‌ಸೆಟ್ ಆಗಿದೆಯಾ, ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಜಾಗತಿಕ ಪದ್ಧತಿ) ಪಟ್ಟಿ ಇದೆಯಾ ಎಂದು ಒಂದೊಂದು ಕಾಲಂನಲ್ಲಿ ಹೇಳುತ್ತದೆ. ಅಚ್ಚಿಗೆ ಮೊದಲ ಕಾಲಂ ಮುಖ್ಯ.

ಪಟ್ಟಿಯಲ್ಲಿ ಇನ್ನೊಂದನ್ನು ಹುಡುಕಿ. ನೀವು ಬಳಸಿಯೇ ಇಲ್ಲದ ಫಾಂಟ್ ಹೆಸರು ಅಲ್ಲಿದೆಯಾ? ಇಡೀ ಪುಸ್ತಕ ನೋಟೊ ಸೆರಿಫ್ ಕನ್ನಡದಲ್ಲಿದ್ದು ಪಟ್ಟಿಯಲ್ಲಿ ನಿರ್ಮಲಾ ಯುಐ ಕಂಡರೆ, ಎಲ್ಲೋ ಕೆಲವು ಅಕ್ಷರ ನೋಟೊದಲ್ಲಿ ಸಿಗದೆ ಅಥವಾ ಪೇಸ್ಟ್ ಮಾಡುವಾಗ ನಿರ್ಮಲಾದಿಂದ ಬಂದಿವೆ. ಈ ಒಂದು ಸುಳಿವು ಇಡೀ ಫೈಲ್ ತಡಕಾಡುವ ಕೆಲಸ ಉಳಿಸುತ್ತದೆ.

ಸಬ್‌ಸೆಟ್ ಎಂದರೆ ಫಾಂಟ್‌ನ ಎಲ್ಲ ಆಕಾರಗಳನ್ನೂ ಸೇರಿಸದೆ, ದಾಖಲೆಯಲ್ಲಿ ಬಳಸಿದವನ್ನು ಮಾತ್ರ ಸೇರಿಸುವುದು. ಫಾಂಟ್ ಹೆಸರಿನ ಹಿಂದೆ ಆರು ಇಂಗ್ಲಿಷ್ ದೊಡ್ಡಕ್ಷರ ಮತ್ತು ಕೂಡಿಸುವ ಚಿಹ್ನೆ ಇದ್ದರೆ ಅದು ಸಬ್‌ಸೆಟ್. ಅದರಲ್ಲಿ ತಪ್ಪೇನಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಜಾಗ 128. ಆದರೆ ಒತ್ತು, ಗುಣಿತ, ಅರ್ಕಾವತ್ತು ಎಲ್ಲ ಸೇರಿ ಒಂದು ಒಳ್ಳೆಯ ಫಾಂಟ್‌ನಲ್ಲಿ ನೂರಾರು ಆಕಾರಗಳಿರುತ್ತವೆ. ಎಲ್ಲವನ್ನೂ ಹೊರುವ ಅಗತ್ಯ ಇಲ್ಲ.

ತೊಂದರೆ ಶುರುವಾಗುವುದು ಪಿಡಿಎಫ್‌ನಲ್ಲೇ ತಿದ್ದಲು ಹೋದಾಗ. ಲಗ್ನಪತ್ರಿಕೆಯಲ್ಲಿ ‘ಮದ್ದೂರು’ ಇದ್ದದ್ದನ್ನು ಪ್ರೆಸ್‌ನಲ್ಲಿ ಕೂತು ‘ಮಳವಳ್ಳಿ’ ಎಂದು ತಿದ್ದುತ್ತಾರೆ. ಪತ್ರಿಕೆಯ ಬೇರೆ ಎಲ್ಲೂ ಳ ಒತ್ತು ಬಂದಿಲ್ಲದಿದ್ದರೆ ಆ ಆಕಾರ ಫೈಲ್ ಒಳಗೆ ಇಲ್ಲವೇ ಇಲ್ಲ. ಮೇಲಾಗಿ ಪಿಡಿಎಫ್ ತಿದ್ದುವ ಎಷ್ಟೋ ಸಾಫ್ಟ್‌ವೇರ್‌ಗಳಿಗೆ ಒತ್ತು ಕೂಡಿಸುವುದೂ ಬರುವುದಿಲ್ಲ. ಎಷ್ಟೇ ಅವಸರ ಇರಲಿ, ಮೂಲ ಫೈಲ್‌ಗೆ ಹೋಗಿ ತಿದ್ದಿ ಹೊಸ ಪಿಡಿಎಫ್ ಮಾಡಿ. ಈ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ.

ನುಡಿ, ಬರಹ, ಯೂನಿಕೋಡ್ ಕಲಸಿದಾಗ

ನಮ್ಮ ಕಡೆ ಬರುವ ತೊಂದರೆಗಳಲ್ಲಿ ದೊಡ್ಡ ಪಾಲು ಇದರದು. ನುಡಿ ಮತ್ತು ಬರಹದ ಹಳೆಯ ಫಾಂಟ್‌ಗಳು ಯೂನಿಕೋಡ್ ಅಲ್ಲ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡು ಆಕಾರಗಳನ್ನು ಕೂರಿಸಿಕೊಂಡಿವೆ. ಕಂಪ್ಯೂಟರ್ ಲೆಕ್ಕದಲ್ಲಿ ಅದು ಇಂಗ್ಲಿಷ್ ಬರಹವೇ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಗಜಿಬಿಜಿ. ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್ 2001ರ 7ನೇ ಆವೃತ್ತಿಗೇ ನಿಂತುಹೋಯಿತು. ಅದರಲ್ಲಿ ಯೂನಿಕೋಡ್ ಕನ್ನಡ ಬರುವುದಿಲ್ಲ. ಅದನ್ನೇ ನೆಚ್ಚಿಕೊಂಡ ಪ್ರೆಸ್‌ಗಳಿಗೆ ಹಳೆಯ ಫಾಂಟೇ ಬೇಕು. ಫೋನ್‌ನಲ್ಲಿ ಟೈಪ್ ಮಾಡಿ ಕಳಿಸುವ ಲೇಖಕರದ್ದು ಪೂರ್ತಿ ಯೂನಿಕೋಡ್. ಸ್ಮರಣ ಸಂಚಿಕೆಯಂಥ ಪುಸ್ತಕದಲ್ಲಿ ಎರಡೂ ಒಂದೇ ಫೈಲ್‌ಗೆ ಬಂದು ಬೀಳುತ್ತವೆ.

ಆಗ ಯಾರೋ ಕಂಟ್ರೋಲ್ ಎ ಒತ್ತಿ ಎಲ್ಲಕ್ಕೂ ಒಂದೇ ನುಡಿ ಫಾಂಟ್ ಹಾಕುತ್ತಾರೆ. ನುಡಿಯಲ್ಲಿದ್ದ ಲೇಖನಗಳು ಸರಿ ಕಾಣುತ್ತವೆ. ಯೂನಿಕೋಡ್ ಲೇಖನಗಳೂ ಸರಿಯಾಗಿಯೇ ಕಾಣುತ್ತವೆ! ನುಡಿ ಫಾಂಟ್‌ನಲ್ಲಿ ಯೂನಿಕೋಡ್ ಅಕ್ಷರ ಇಲ್ಲದ್ದರಿಂದ ವರ್ಡ್ ಅವನ್ನು ಬೇರೆ ಫಾಂಟ್‌ನಿಂದ ತುಂಬಿರುತ್ತದೆ. ಮೇಲೆ ಫಾಂಟ್ ಬಾಕ್ಸ್‌ನಲ್ಲಿ ಕಾಣುವ ಹೆಸರನ್ನು ಮಾತ್ರ ನಂಬಬೇಡಿ.

ಬೇರ್ಪಡಿಸುವ ದಾರಿ ಸುಲಭ. ಫೈಲ್‌ನ ನಕಲು ಮಾಡಿಕೊಳ್ಳಿ. ನಕಲಿನಲ್ಲಿ ಎಲ್ಲವನ್ನೂ ಆಯ್ದು ಏರಿಯಲ್‌ನಂಥ ಇಂಗ್ಲಿಷ್ ಫಾಂಟ್ ಹಾಕಿ. ಗಜಿಬಿಜಿಯಾದ ಭಾಗ ಹಳೆಯ ಫಾಂಟ್‌ನದು. ಕನ್ನಡವಾಗಿಯೇ ಉಳಿದದ್ದು ಯೂನಿಕೋಡ್. ಆಮೇಲೆ ಎಲ್ಲವನ್ನೂ ಒಂದು ಕಡೆಗೆ ತನ್ನಿ. ಯೂನಿಕೋಡ್ ಕಡೆಗೇ ತರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪುಸ್ತಕ ಮುಂದೆ ಇ-ಬುಕ್ ಆಗಬೇಕಾದರೂ, ಹುಡುಕಬೇಕಾದರೂ ಅದೇ ಬೇಕು. ನುಡಿ, ಬರಹ ಎರಡರ ಜೊತೆಗೂ ಪರಿವರ್ತಕ ಸಿಗುತ್ತದೆ.

ಪರಿವರ್ತನೆ ಆದ ಮೇಲೆ ಕೆಲವು ಜಾಗಗಳನ್ನು ಕಣ್ಣಿಂದಲೇ ನೋಡಲೇಬೇಕು. ಹಳೆಯ ಫಾಂಟ್ ಬರಹದ ನಡುವೆ ಇದ್ದ ನಿಜವಾದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಆಗಿರಬಹುದು. ಅರ್ಕಾವತ್ತು ತಪ್ಪು ಅಕ್ಷರದ ಪಕ್ಕ ಹೋಗಿರಬಹುದು. ಉದ್ಧರಣ ಚಿಹ್ನೆ, ಗೆರೆ, ಅಂಕಿಗಳನ್ನೂ ನೋಡಿ. ರೂಪಾಯಿ ಚಿಹ್ನೆಗೆ ವಿಶೇಷ ಗಮನ ಕೊಡಿ. ₹ ಚಿಹ್ನೆಯನ್ನು ಸರ್ಕಾರ ಒಪ್ಪಿದ್ದು 2010ರ ಜುಲೈನಲ್ಲಿ, ಯೂನಿಕೋಡ್‌ಗೆ ಸೇರಿದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚಿನ ಫಾಂಟ್‌ಗಳಲ್ಲಿ ಅದು ಇರಲು ಸಾಧ್ಯವಿಲ್ಲ. ಚಿಹ್ನೆ ಬಂದ ಹೊಸತರಲ್ಲಿ ಹರಿದಾಡಿದ ಕೆಲವು ಫಾಂಟ್‌ಗಳು ಕೀಬೋರ್ಡಿನ ಎಡಮೂಲೆಯ ಬ್ಯಾಕ್‌ಟಿಕ್ ಕೀಲಿಗೆ ಈ ಚಿಹ್ನೆ ಕೊಟ್ಟಿದ್ದವು. ಸೊಸೈಟಿಯ ಹಳೆಯ ವರದಿಯನ್ನೇ ಪ್ರತಿ ವರ್ಷ ತಿದ್ದಿ ಬಳಸುತ್ತಿದ್ದರೆ ಅದರಲ್ಲಿ ಆ ಬ್ಯಾಕ್‌ಟಿಕ್ ಇನ್ನೂ ಕೂತಿರಬಹುದು. ಹೊಸ ಯಂತ್ರದಲ್ಲಿ ಮೊತ್ತದ ಹಿಂದೆ ಒಂದು ಸಣ್ಣ ಓರೆಗೀಟು ಮಾತ್ರ ಬರುತ್ತದೆ.

ಅಪರೂಪದ ಅಕ್ಷರಗಳಿಗೆ ಪರೀಕ್ಷಾ ಸಾಲು

ಫಾಂಟ್ ಆರಿಸುವ ಮುಂಚೆ ಈ ಸಾಲುಗಳನ್ನು ಆ ಫಾಂಟ್‌ನಲ್ಲಿ ಹಾಕಿ ಪಿಡಿಎಫ್ ಮಾಡಿ, ಕಾಗದದ ಮೇಲೆ ತೆಗೆದು ನೋಡಿ:

ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ಮದ್ದೂರು, ಮಳವಳ್ಳಿ, ಸ್ತ್ರೀ, ರಾಷ್ಟ್ರ, ಜ್ಞಾನ, ಲಕ್ಷ್ಮೀ, ಅರ್ಘ್ಯ, ರ‍್ಯಾಂಕ್, ಸಾಫ್ಟ್‌ವೇರ್, ಜ಼ೂ, ಕಾಫ಼ಿ, ಮೞೆ, ಅಱಿವು, ಶಿವೋಽಹಂ । ॥ ₹ “ ” – ೦೧೨೩೪೫೬೭೮೯

ಇದರಲ್ಲಿ ಪ್ರತಿಯೊಂದಕ್ಕೂ ಕಾರಣ ಇದೆ. ‘ರ‍್ಯಾಂಕ್’ ಸರಿಯಾಗಿ ಬರಲು ರ ಮತ್ತು ಯ ನಡುವೆ ಕಣ್ಣಿಗೆ ಕಾಣದ ಜೋಡಕ ಇರುತ್ತದೆ. ಪೇಸ್ಟ್ ಮಾಡುವಾಗ ಅದು ಬಿದ್ದುಹೋದರೆ ‘ರ್ಯಾಂಕ್’ ಆಗುತ್ತದೆ. ‘ಸಾಫ್ಟ್‌ವೇರ್’ನಲ್ಲಿ ಇರುವುದು ಅದರ ವಿರುದ್ಧದ ಚಿಹ್ನೆ, ಒತ್ತಾಗದಂತೆ ತಡೆಯುವುದು. ಇವೆರಡೂ ಇಲ್ಲದ ಫಾಂಟ್‌ನಲ್ಲಿ ಅವುಗಳ ಜಾಗದಲ್ಲಿ ಚೌಕ ಬರಬಹುದು. ವರ್ಡ್‌ನಲ್ಲಿ ಅನುಮಾನ ಬಂದ ಜಾಗದ ನಂತರ ಕರ್ಸರ್ ಇಟ್ಟು ಆಲ್ಟ್ ಜೊತೆ ಎಕ್ಸ್ ಒತ್ತಿದರೆ ಹಿಂದಿನ ಅಕ್ಷರದ ಯೂನಿಕೋಡ್ ಸಂಖ್ಯೆ ಕಾಣುತ್ತದೆ, ಮತ್ತೆ ಒತ್ತಿದರೆ ಅಕ್ಷರ ವಾಪಸ್. ಕಾಣದ ಚಿಹ್ನೆ ಇದೆಯೋ ಇಲ್ಲವೋ ಎಂದು ತಿಳಿಯಲು ಇದು ಒಳ್ಳೆಯ ಉಪಾಯ.

ಜ಼ ಮತ್ತು ಫ಼ ಕೆಳಗಿನ ಚುಕ್ಕೆ ಹಾಗೂ ಅವಗ್ರಹ (ಶಿವೋಽಹಂ ಪದದ ಽ) ಯೂನಿಕೋಡ್‌ಗೆ ಬಂದದ್ದು 2003ರಲ್ಲಿ. ಅದಕ್ಕೂ ಹಳೆಯ ಫಾಂಟ್‌ನಲ್ಲಿ ಚುಕ್ಕೆ ಬೇರೆ ಫಾಂಟ್‌ನಿಂದ ಬಂದು, ಚುಕ್ಕೆ ವೃತ್ತದ ಕೆಳಗೆ ಕೂರುತ್ತದೆ. ಮೈಸೂರಿನಲ್ಲಿ ಹಳಗನ್ನಡ ಕಾವ್ಯ, ಶಾಸನಗಳ ಮೇಲೆ ಕೆಲಸ ಮಾಡುವವರು ಬಹಳ ಇದ್ದಾರೆ. ಅವರಿಗೆ ೞ ಮತ್ತು ಱ ಇಲ್ಲದ ಫಾಂಟ್ ಕೆಲಸಕ್ಕೆ ಬಾರದು. ಅಲಂಕಾರದ ಫಾಂಟ್‌ಗಳಲ್ಲಿ ಇವೆರಡು ಇರುತ್ತವೆ ಅಂತ ನಂಬಿ ಕೂರಬೇಡಿ.

ಮೇಲುಕೋಟೆಯ ವೈರಮುಡಿ ಉತ್ಸವದ ಆಹ್ವಾನ ಪತ್ರಿಕೆಯಂಥದ್ದರಲ್ಲಿ ಶ್ಲೋಕ ಇದ್ದೇ ಇರುತ್ತದೆ, ಶ್ಲೋಕದ ಕೊನೆಗೆ ದಂಡ ಇರುತ್ತದೆ. ಒಂಟಿ ದಂಡ, ಜೋಡಿ ದಂಡ ಎರಡೂ ಯೂನಿಕೋಡ್‌ನಲ್ಲಿ ದೇವನಾಗರಿ ವಿಭಾಗದಲ್ಲಿವೆ. ಕನ್ನಡಕ್ಕೂ ಅವನ್ನೇ ಬಳಸಬೇಕು. ಕನ್ನಡ ಫಾಂಟ್ ಮಾಡಿದವರು ಅವನ್ನು ಸೇರಿಸಲು ಮರೆತಿದ್ದರೆ ಹಿಂದಿ ಫಾಂಟ್‌ನಿಂದ ಬರುತ್ತವೆ, ಎತ್ತರ ಹೊಂದುವುದಿಲ್ಲ. ವೇದಮಂತ್ರದ ಸ್ವರಚಿಹ್ನೆಗಳಂತೂ ಇನ್ನೂ ಅಪರೂಪ. ಅಂಥ ಪುಸ್ತಕಕ್ಕೆ ಮೊದಲು ಫಾಂಟ್ ಪರೀಕ್ಷೆ, ಆಮೇಲೆ ಟೈಪಿಂಗ್.

ಒಂದೆರಡು ಅಕ್ಷರ ಮಾತ್ರ ಇಲ್ಲದಿದ್ದರೆ ಇಡೀ ಫಾಂಟ್ ಬಿಡಬೇಕಿಲ್ಲ. ‘ಫೈಂಡ್ ಆ್ಯಂಡ್ ರಿಪ್ಲೇಸ್’ನಲ್ಲಿ ₹ ಹುಡುಕಿ, ಅದಕ್ಕೆ ಮಾತ್ರ ನೋಟೊ ಹಾಕಿ. ಆಯ್ಕೆ ನಿಮ್ಮದಾಗಿದ್ದರೆ ಎಂಬೆಡ್ ಆಗುವುದೂ ಖಚಿತವಾಗುತ್ತದೆ. ಆದರೆ ಚುಕ್ಕೆ, ಗುಣಿತ, ಒತ್ತಿಗೆ ಹೀಗೆ ಮಾಡುವಾಗ ಮೂಲ ಅಕ್ಷರವನ್ನೂ ಸೇರಿಸಿಯೇ ಫಾಂಟ್ ಬದಲಿಸಿ.

ಪಿಡಿಎಫ್ ಮಾಡುವಾಗ

ವರ್ಡ್‌ನಲ್ಲಿ ‘ಸೇವ್ ಆ್ಯಸ್’ನಿಂದ ಪಿಡಿಎಫ್ ಆರಿಸಿ, ‘ಸ್ಟ್ಯಾಂಡರ್ಡ್’ ಎಂಬುದನ್ನೇ ಗುರುತು ಮಾಡಿ. ‘ಆಪ್ಷನ್ಸ್’ ಒಳಗೆ, ಎಂಬೆಡ್ ಮಾಡಲಾಗದ ಫಾಂಟ್ ಇದ್ದರೆ ಬರಹವನ್ನು ಬಿಟ್‌ಮ್ಯಾಪ್ ಮಾಡುವ ಆಯ್ಕೆ ಇರುತ್ತದೆ. ಅಚ್ಚಿನಲ್ಲಿ ಕೆಲವು ಸಾಲು ಮಾತ್ರ ಮಸುಕಾಗಿ, ಹಲ್ಲುಹಲ್ಲಾಗಿ ಬಂದಿದ್ದರೆ ಇದೇ ಕಾರಣ ಇರಬಹುದು. ಫಾಂಟ್ ಮಾಡಿದವರೇ ಎಂಬೆಡ್ ಮಾಡಲು ಅನುಮತಿ ಕೊಟ್ಟಿರುವುದಿಲ್ಲ. ವಿಂಡೋಸ್‌ನಲ್ಲಿ ಫಾಂಟ್ ಫೈಲ್‌ನ ಪ್ರಾಪರ್ಟೀಸ್, ಡೀಟೇಲ್ಸ್‌ನಲ್ಲಿ ಅನುಮತಿ ಏನೆಂದು ಬರೆದಿರುತ್ತದೆ. ‘ರಿಸ್ಟ್ರಿಕ್ಟೆಡ್’ ಎಂದಿದ್ದರೆ ಬೇರೆ ಫಾಂಟ್ ಹುಡುಕಿ.

ವರ್ಡ್ ಮತ್ತು ಲಿಬ್ರೆಆಫೀಸ್ ಎರಡೂ ಕನ್ನಡವನ್ನು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂದು ಲೆಕ್ಕ ಹಾಕುತ್ತವೆ. ಅದಕ್ಕೆ ಫಾಂಟ್ ಬೇರೆ, ಇಂಗ್ಲಿಷಿಗೆ ಬೇರೆ. ವರ್ಡ್‌ನಲ್ಲಿ ಕಂಟ್ರೋಲ್ ಡಿ ಒತ್ತಿದಾಗ ಕಾಣುವ ಚೌಕಟ್ಟಿನಲ್ಲಿ ಎರಡಕ್ಕೂ ಒಂದೇ ಫಾಂಟ್ ಇದೆಯಾ ನೋಡಿ. ಸ್ಟೈಲ್‌ನಲ್ಲೂ ನೋಡಿ.

ಇನ್‌ಡಿಸೈನ್‌ನಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಬಂದರೆ ಪ್ಯಾರಾಗ್ರಾಫ್ ಕಂಪೋಸರ್ ಬದಲಿಸಿ. ‘ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಬೇಕು. 2012ರ ಸಿಎಸ್6ರಿಂದ ಕನ್ನಡಕ್ಕೆ ಈ ಬೆಂಬಲ ಇದೆ. ಪ್ರೀಫ್ಲೈಟ್ ಪ್ರೊಫೈಲ್‌ನಲ್ಲಿ ‘ಗ್ಲಿಫ್ ಮಿಸ್ಸಿಂಗ್’ ಆಯ್ಕೆಗೆ ಗುರುತು ಹಾಕಿದರೆ ಇಲ್ಲದ ಅಕ್ಷರಗಳನ್ನು ಪುಟದ ಸಮೇತ ತೋರಿಸುತ್ತದೆ. ರಫ್ತು ಮಾಡುವಾಗ ಪಿಡಿಎಫ್/ಎಕ್ಸ್-4 ಆರಿಸಿ. ಪಿಡಿಎಫ್/ಎಕ್ಸ್ ಮಾನದಂಡದಲ್ಲಿ ಎಲ್ಲ ಫಾಂಟ್ ಎಂಬೆಡ್ ಆಗಲೇಬೇಕು. ಡಿಸ್ಟಿಲ್ಲರ್ ಬಳಸುವವರು, ಎಂಬೆಡ್ ವಿಫಲವಾದರೆ ಕೆಲಸ ರದ್ದಾಗುವಂತೆ ಹೊಂದಿಸಿ. ಎಚ್ಚರಿಕೆ ಕೊಟ್ಟು ಮುಂದುವರಿಯುವ ಆಯ್ಕೆ ಇದ್ದರೆ ಆ ಎಚ್ಚರಿಕೆಯನ್ನು ಯಾರೂ ಓದುವುದಿಲ್ಲ.

ಫಾಂಟ್ ಇನ್‌ಸ್ಟಾಲ್ ಮಾಡುವಲ್ಲೂ ಎರಡು ವಿಷಯ ಗಮನಿಸಿ. ಗೂಗಲ್ ಫಾಂಟ್ಸ್‌ನಿಂದ ನೋಟೊ ಇಳಿಸಿದರೆ ಜಿಪ್ ಒಳಗೆ ವೇರಿಯಬಲ್ ಫಾಂಟ್ (ದಪ್ಪ, ತೆಳು ಎಲ್ಲ ಒಂದೇ ಫೈಲ್‌ನಲ್ಲಿರುವುದು) ಒಂದು, ‘ಸ್ಟ್ಯಾಟಿಕ್’ ಎಂಬ ಫೋಲ್ಡರ್ ಒಂದು ಇರುತ್ತದೆ. ಅಚ್ಚಿನ ಕೆಲಸಕ್ಕೆ ಸ್ಟ್ಯಾಟಿಕ್ ಫೋಲ್ಡರಿನವನ್ನೇ ಹಾಕಿಕೊಳ್ಳಿ. ವಿಂಡೋಸ್‌ನಲ್ಲಿ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಕೊಡಿ, ಇಲ್ಲದಿದ್ದರೆ ಕೆಲವು ಸಾಫ್ಟ್‌ವೇರ್‌ಗೆ ಫಾಂಟ್ ಕಾಣುವುದಿಲ್ಲ. ಹಳೆಯ ಫೈಲ್‌ನಲ್ಲಿ ತುಂಗಾ ಫಾಂಟ್ ಇದ್ದು ಹೊಸ ಯಂತ್ರದಲ್ಲಿ ಅದು ಸಿಗದಿದ್ದರೆ ಗಾಬರಿ ಬೇಡ. ವಿಂಡೋಸ್ 10ರಿಂದ ಅದು ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂಬ ಐಚ್ಛಿಕ ಭಾಗಕ್ಕೆ ಹೋಗಿದೆ. ಸೆಟ್ಟಿಂಗ್ಸ್‌ನಿಂದ ಸೇರಿಸಿಕೊಳ್ಳಬಹುದು.

ಪ್ರೆಸ್‌ಗೆ ಹೋದ ಮೇಲೆ

ಪಿಡಿಎಫ್ ಎಲ್ಲೆಡೆ ಸರಿ, ಕಾಗದದಲ್ಲಿ ಮಾತ್ರ ತಪ್ಪು ಅಂತಾದರೆ ಅಡೋಬಿಯ ಪ್ರಿಂಟ್ ಚೌಕಟ್ಟಿನ ‘ಅಡ್ವಾನ್ಸ್‌ಡ್’ ಒಳಗೆ ‘ಪ್ರಿಂಟ್ ಆ್ಯಸ್ ಇಮೇಜ್’ ಗುರುತು ಮಾಡಿ ಒಂದು ಪುಟ ತೆಗೆಯಿರಿ. ಈಗ ಸರಿ ಬಂದರೆ ಡ್ರೈವರ್ ಫಾಂಟ್ ಬದಲಿಸುತ್ತಿದೆ ಎಂದು ಗೊತ್ತಾಯಿತು. ಡ್ರೈವರ್‌ನಲ್ಲಿ ಪ್ರಿಂಟರ್‌ನ ಸ್ವಂತ ಫಾಂಟ್ ಬಳಸುವ ಆಯ್ಕೆ ಇದ್ದರೆ ತೆಗೆಸಿ.

ಪ್ರೆಸ್‌ನವರು “ಕರ್ವ್ ಮಾಡಿ ಕೊಡಿ” ಅನ್ನುವುದುಂಟು. ಅಕ್ಷರಗಳನ್ನು ಚಿತ್ರದ ಗೆರೆಗಳಾಗಿ ಮಾಡುವುದು. ಕೋರಲ್‌ನಲ್ಲಿ ಕಂಟ್ರೋಲ್ ಕ್ಯೂ, ಇನ್‌ಡಿಸೈನ್‌ನಲ್ಲಿ ‘ಕ್ರಿಯೇಟ್ ಔಟ್‌ಲೈನ್ಸ್’. ಲಗ್ನಪತ್ರಿಕೆ, ಬ್ಯಾನರ್, ಮುಖಪುಟಕ್ಕೆ ಇದು ಸರಿಯಾದ ದಾರಿ. 200 ಪುಟದ ಪುಸ್ತಕಕ್ಕೆ ಬೇಡ. ಫೈಲ್ ಭಾರವಾಗುತ್ತದೆ, ಸಣ್ಣ ಅಕ್ಷರ ಕೆಲವು ಪ್ರಿಂಟರ್‌ಗಳಲ್ಲಿ ದಪ್ಪ ಕಾಣುತ್ತದೆ, ಮುಂದೆ ತಿದ್ದಲೂ ಆಗುವುದಿಲ್ಲ. ಕರ್ವ್ ಮಾಡುವ ಮುಂಚೆ ಅಕ್ಷರ ಸರಿಯಿತ್ತಾ ಅಂತಲೂ ನೋಡಿ. ಚೌಕವನ್ನು ಕರ್ವ್ ಮಾಡಿದರೆ ಚೌಕವೇ ಉಳಿಯುತ್ತದೆ.

ಮೂಲ ಫೈಲನ್ನೇ ಕೊಡಬೇಕಾಗಿ ಬಂದರೆ ಇನ್‌ಡಿಸೈನ್‌ನ ‘ಪ್ಯಾಕೇಜ್’ ಬಳಸಿ, ಫಾಂಟ್‌ಗಳು ‘ಡಾಕ್ಯುಮೆಂಟ್ ಫಾಂಟ್ಸ್’ ಫೋಲ್ಡರಿಗೆ ಬಂದು ಸೇರುತ್ತವೆ. ಆ ಫೋಲ್ಡರ್ ಬಿಟ್ಟು ಫೈಲ್ ಮಾತ್ರ ಪೆನ್‌ಡ್ರೈವ್‌ಗೆ ಹಾಕಬೇಡಿ. ಪರೀಕ್ಷಾ ಸಾಲುಗಳ ಪುಟವನ್ನೂ ಜೊತೆಗೆ ಕೊಡಿ. ಅದನ್ನು ಅದೇ ಯಂತ್ರದಲ್ಲಿ, ಅದೇ ಕಾಗದದ ಮೇಲೆ ಮೊದಲು ತೆಗೆಸಿ. ನಿಮ್ಮ ಮನೆಯ ಪ್ರತಿಯ ಪಕ್ಕದಲ್ಲಿಟ್ಟು ಒಂದೊಂದು ಅಕ್ಷರವಾಗಿ ನೋಡಿ. ಎರಡೂ ಒಂದೇ ಆಗಿದ್ದರೆ ಮಾತ್ರ ಪ್ಲೇಟ್ ಹಾಕಲು ಹೇಳಿ.